ಮೂರನೇ ಶಿಫ್ಟಿನ ನಡುಭಾಗ

ಜನವರಿ 6, ಸೋಮವಾರ

ನವನೀತನ ಬ್ಯಾಂಡಿಗೆ ಊರಿಗಾಂ ಹಾಲಿನಲ್ಲಿ ಇಪ್ಪತ್ತೆರಡು ನಿಮಿಷ ಸಿಕ್ಕೇ ಬಿಟ್ಟಿತು! ನೌಕರರ ಸಂಘದ ವಾರ್ಷಿಕೋತ್ಸವ, ಫೆಬ್ರವರಿ ಎಂಟು, ಶನಿವಾರ ಸಂಜೆ! ಸುದ್ದಿ ಕೇಳಿ ನಾನು ಅಡುಗೆಮನೆಯಲ್ಲಿ ಕುಣಿದ ರಭಸಕ್ಕೆ ಸಾರಿನ ಸೌಟು ಒಲೆಯ ಹಿಂದೆ ಬಿದ್ದಿದೆ, ಇನ್ನೂ ತೆಗೆದಿಲ್ಲ.

ಈ ಡೈರಿ ಹೊಸ ವರ್ಷಕ್ಕೆ ಅವನ ಕಾರ್ಖಾನೆಯಲ್ಲಿ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಒಂದು ಬುಲ್ಡೋಜರ್ ಇದೆ. ಮದುವೆಯಾಗಿ ಎರಡು ತಿಂಗಳಾದ ಹುಡುಗಿ ತನ್ನ ಸುಖವನ್ನು ಬುಲ್ಡೋಜರಿನ ಮೇಲೆ ಬರೆಯುವುದು ಎಷ್ಟು ರೊಮ್ಯಾಂಟಿಕ್! ಎದುರಿಗೆ ನಾನು ಅವನನ್ನು ‘ರೀ’ ಎನ್ನುತ್ತೇನೆ, ಅಮ್ಮ ಹೇಳಿಕೊಟ್ಟ ಹಾಗೆ. ಇಲ್ಲಿ ಮಾತ್ರ ಅವನು ‘ಅವನು’.

ಹಗಲು ಅವನು ಡಿಸೈನ್ ಆಫೀಸಿನಲ್ಲಿ ಮಣ್ಣು ಎತ್ತುವ ಯಂತ್ರಗಳ ತೋಳು ಬರೆಯುತ್ತಾನೆ. ಸಂಜೆ ಕೀಬೋರ್ಡ್ ನುಡಿಸುತ್ತಾನೆ, ಒಂದರ ಮೇಲೊಂದು ಎರಡು! ಬಲಗೈ ಮೇಲಿನದರಲ್ಲಿ, ಎಡಗೈ ಕೆಳಗಿನದರಲ್ಲಿ. ಬ್ಯಾಂಡಿನ ಹೆಸರು ‘ಸಯನೈಡ್ ದಿಬ್ಬ’, ಇಲ್ಲಿನ ಹಳೇ ಚಿನ್ನದ ಗಣಿಯಿಂದ ಉಳಿದ ಮಣ್ಣಿನ ಗುಡ್ಡದ ಹೆಸರೇ. ಡ್ರಮ್ಸಿಗೆ ಅನಿಲ್, ಅದೇ ಕಾರ್ಖಾನೆಯ ವೆಲ್ಡಿಂಗ್ ವಿಭಾಗದವನು. ಬೇಸ್ ಗಿಟಾರಿಗೆ ಸುಧಾಕರ್, ಇಲ್ಲೇ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವನು, ಅವನ ತಾತ ಗಣಿಯ ತಳದಲ್ಲಿ ದುಡಿದವರು. ಹಾಡುವವರು ಯಾರೂ ಇಲ್ಲ. ಪ್ರೋಗ್ರೆಸಿವ್ ರಾಕ್ ಎಂದರೆ ಹಾಗೆಯೇ ಅಂತೆ. ಮುಗಿಯಿತು ಎಂದುಕೊಂಡಾಗ ಇನ್ನೊಂದು ಶುರುವಾಗುತ್ತದೆ, ಮದುವೆಮನೆಯ ಪಂಕ್ತಿಯ ಹಾಗೆ. ಇವರು ನುಡಿಸುವ ಒಂದೇ ಒಂದು ದೊಡ್ಡ ಪೀಸಿನ ಹೆಸರು ‘ಮೂರನೇ ಶಿಫ್ಟ್’.

ಸಂಘದ ಕಾರ್ಯದರ್ಶಿ ಕೋದಂಡಪ್ಪನವರು ಮನೆಗೇ ಬಂದು ಹೇಳಿದರು.

“ಮಕ್ಕಳ ಡ್ಯಾನ್ಸ್ ಆದ್ಮೇಲೆ ನೀವು. ನಿಮ್ದು ಆದ್ಮೇಲೆ ಊಟ. ಇಪ್ಪತ್ತೆರಡು ಅಂದ್ರೆ ಇಪ್ಪತ್ತೆರಡೇ ಕಣಪ್ಪ. ಬಿಸಿಬೇಳೆ ಬಾತ್ ಆರೋದ್ರೆ ಜನ ನಿನ್ನನ್ನ ಕೇಳಲ್ಲ, ನನ್ನ ಪ್ರಾಣ ತೆಗೀತಾರೆ.”

ಸೂಪರ್! ಸೂಪರ್! ಸೂಪರ್!

ಜನವರಿ 9, ಗುರುವಾರ

ಇಂದು ಪೂರ್ತಿ ಪೀಸ್ ನಮ್ಮ ಮನೆಯಲ್ಲೇ ನುಡಿಸಿದರು. ನಮ್ಮದು ಹಳೇ ಕಂಪನಿ ಬಂಗಲೆಯ ಅರ್ಧ ಭಾಗ. ಇನ್ನರ್ಧದಲ್ಲಿ ಅಂಬಿಕಕ್ಕನ ಸಂಸಾರ. ಛಾವಣಿ ಎಷ್ಟು ಎತ್ತರ ಎಂದರೆ ಕೀಬೋರ್ಡಿನ ಆರ್ಗನ್ ಸದ್ದು ಮೇಲೆ ಹೋಗಿ, ಜೇಡರ ಬಲೆಗಳನ್ನೆಲ್ಲ ವಿಚಾರಿಸಿಕೊಂಡು, ನಿಧಾನವಾಗಿ ಕೆಳಗೆ ಬರುತ್ತದೆ.

ಮೊದಲು ಗಣಿಯ ಸೈರನ್. ಸುಧಾಕರ್ ಅದನ್ನು ‘ಸಂಗು’ ಎನ್ನುತ್ತಾನೆ. ಆಮೇಲೆ ತೊಟ್ಟಿಲಿನಂಥ ಪಂಜರ ಗಣಿಯೊಳಗೆ ಇಳಿದ ಹಾಗೆ ಎಡಗೈ ಇಳಿಯುತ್ತದೆ, ಇಳಿಯುತ್ತದೆ, ಇಳಿಯುತ್ತದೆ. ಅಲ್ಲಿ ತಳದಲ್ಲಿ ಎಲ್ಲವೂ ನಿಂತು ಒಂದು ನಿಧಾನದ ರಾಗ. ಅದೇ ನಡುಭಾಗ. ಅವನು ಕೀಬೋರ್ಡಿನ ಪಕ್ಕದ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿ ಸ್ವರವನ್ನು ಬಳುಕಿಸುತ್ತಾನೆ. ಆಮೇಲೆ ಹನ್ನೊಂದು ನಿಮಿಷ ಬಂಡೆ ಸಿಡಿತ, ಏಳೇಳು ಪೆಟ್ಟಿನ ಲೆಕ್ಕದಲ್ಲಿ. ಅನಿಲನ ಮುಖ ಕೆಂಪಾಗುತ್ತದೆ.

ವಿಚಿತ್ರವೆಂದರೆ, ನಡುಭಾಗ ಬಂದ ಕೂಡಲೇ ನನಗೆ ಹಸಿವಾಯಿತು. ಸುಮ್ಮನೆ ಅಲ್ಲ, ಭಯಂಕರ ಹಸಿವು! ಎದ್ದು ಹೋಗಿ ಡಬ್ಬಿಯಿಂದ ಹುರಿಗಡಲೆ ಮುಕ್ಕಿದೆ.

“ಆ ನಿಧಾನದ್ದು ಏನ್ರೀ? ಎಲ್ಲೋ ಕೇಳಿದ ಹಾಗಿದೆ.”

“ಅದು ಕ್ಲಾಸಿಕಲ್‌ನಿಂದ ಎತ್ತಿದ್ದು. ಈ ರಾಕ್ ಕೀಬೋರ್ಡಿನ ದೊಡ್ಡವರೆಲ್ಲ ಅವರವರ ಚರ್ಚಿನ ಹಳೇ ಸಂಗೀತ ಎತ್ತಿದ್ದಾರೆ. ನಾನು ನಮ್ಮ ಮನೇದು ಎತ್ತಿದ್ದೀನಿ.”

“ಗುರುತು ಸಿಗೋಲ್ವಾ?”

“ಬಟ್ಟೆ ಬದಲಾಯಿಸಿದ್ದೀನಲ್ಲ. ಯಾರ್ಗೂ ಸಿಗಲ್ಲ.”

ಹೇಗಿತ್ತು ಎಂದು ಕೇಳಿದ. ಸೂಪರ್ ಎಂದೆ. ಯಾವ ಭಾಗ ಎಂದು ಕೇಳಿದ. ಎಲ್ಲವೂ ಎಂದೆ. ಇಂಥ ಗಂಡನಿಗೆ ಬೇರೆ ಏನು ಹೇಳಲು ಸಾಧ್ಯ!

ಜನವರಿ 12, ಭಾನುವಾರ

ಅತ್ತೆಯ ವಿಷಯ ಬರೆಯಲೇಬೇಕು.

ಅತ್ತೆ ವೆಂಕಟರತ್ನಮ್ಮ ಮಾಲೂರಿನಲ್ಲಿ ವೀಣೆ ಪಾಠ ಹೇಳುತ್ತಾರೆ. ಮನೆ ತುಂಬ ಶಿಷ್ಯರು, ಜಗುಲಿ ತುಂಬ ಚಪ್ಪಲಿ. ಮಾಲೂರಿನಿಂದ ಇಲ್ಲಿಗೆ ಒಂದೇ ರೈಲು, ಇಳಿದು ಹತ್ತುವುದೂ ಬೇಡ. ಆದರೂ ಅವರು ಬರುವುದಿಲ್ಲ. ಮದುವೆಗೆ ಬಂದು ಅಕ್ಷತೆ ಹಾಕಿ, ನನ್ನ ಗಲ್ಲ ಮುಟ್ಟಿ, “ನಿನ್ನ ಮೇಲೆ ನನಗೇನೂ ಇಲ್ಲಮ್ಮ. ಆದರೆ ಆ ಪೆಟ್ಟಿಗೆ ಇರೋ ಮನೆ ಹೊಸ್ತಿಲು ನಾನು ತುಳಿಯಲ್ಲ” ಎಂದು ಹೇಳಿ ಹೋದರು. ಪೆಟ್ಟಿಗೆ ಎಂದರೆ ಕೀಬೋರ್ಡ್.

ನವನೀತ ಹನ್ನೆರಡು ವರ್ಷ ಅವರ ಹತ್ತಿರವೇ ವೀಣೆ ಕಲಿತವನು. ಎಂಜಿನಿಯರಿಂಗ್ ಓದುವಾಗ ಬಿಟ್ಟ. ಸುಮ್ಮನೆ ಬಿಟ್ಟಿದ್ದರೆ ಪರವಾಗಿರಲಿಲ್ಲ. ಶಿಷ್ಯರೆಲ್ಲ ಸೇರಿದ್ದ ಕಾರ್ಯಕ್ರಮದಲ್ಲಿ ಮೈಕ್ ಹಿಡಿದು, “ವೀಣೆ ಕೊನೇ ಸಾಲಿಗೆ ಕೇಳಿಸಲ್ಲ, ಇನ್ಮೇಲೆ ನಾನು ಕರೆಂಟಿಂದು ನುಡಿಸ್ತೀನಿ” ಎಂದನಂತೆ. ತಮಾಷೆಗೆ ಹೇಳಿದನಂತೆ. ಕೊನೆಯ ಸಾಲಿನವರು ನಕ್ಕರಂತೆ. ಮೊದಲ ಸಾಲಿನಲ್ಲಿ ಅತ್ತೆ ಕೂತಿದ್ದರು.

ಅಮ್ಮ ಮಗ ಅಂದಿನಿಂದ ಮಾತನಾಡಿದ್ದು ಲೆಕ್ಕಕ್ಕೆ ಮಾತ್ರ. ‘ಊಟ ಆಯ್ತಾ.’ ‘ಆಯ್ತು.’ ಇವನು ಫೋನ್ ಇಟ್ಟ ಮೇಲೆ ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಾನೆ.

ನಾನು ನಿರ್ಧಾರ ಮಾಡಿದೆ. ಅತ್ತೆ ನಮ್ಮ ಮನೆಗೆ ಬರಬೇಕು, ಬಂದು ಕೂತು ಕಾಫಿ ಕುಡಿಯಬೇಕು. ಅವನಿಗೆ ತಿಳಿಯದ ಹಾಗೆ ಇದನ್ನು ಮಾಡುತ್ತೇನೆ. ಕಾನ್ವೆಂಟಿನ ಸಿಸ್ಟರ್‌ಗಳ ಕಣ್ಣಿಗೆ ಮಣ್ಣೆರಚಿ ಹುಣಿಸೆಹಣ್ಣು ತಿಂದು ಬೆಳೆದವಳು ನಾನು, ಇದೆಷ್ಟರದು!

ಜನವರಿ 15, ಬುಧವಾರ

ಸಂಕ್ರಾಂತಿಗೆ ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆವು. ಅಪ್ಪ ಸೊಣ್ಣಪ್ಪ ಹಸುಗಳ ಕೊಂಬಿಗೆ ಬಣ್ಣ ಹಚ್ಚುತ್ತಲೇ ಅಳಿಯನನ್ನು ವಿಚಾರಿಸಿಕೊಂಡರು.

“ಬ್ಯಾಂಡ್‌ಸೆಟ್ಟಾ? ಮದ್ವೆಗಳಿಗೆ ಓಗ್ತೀರಾ?”

“ಆ ಥರದ್ದಲ್ಲ ಮಾವ. ಕೂತು ಕೇಳೋದು.”

“ಕುಣಿಯಂಗಿಲ್ವಾ?”

“ಇಲ್ಲ.”

“ಹಂಗಾದ್ರೆ ಭಜ್ನೆ ಇದ್ದಂಗೆ. ಬತ್ತೀವಿ ಬಿಡಿ. ನಮ್ ಭಜ್ನೆ ಮನೆಯೋರ್ನೆಲ್ಲ ಟೆಂಪೋ ಮಾಡ್ಕಂಡು ಕರ್ಕಂಬತ್ತೀನಿ.”

ಅಮ್ಮ ಗಂಗರತ್ನಮ್ಮ ಒಳಗಿನಿಂದ, “ಊಟ ಐತಂತಾ?” ಎಂದರು. ಇದೆ ಎಂದ ಮೇಲೆ ಅವರೂ ಒಪ್ಪಿದರು.

ಜನವರಿ 19, ಭಾನುವಾರ

ದೇವರೇ! ಅಂಬಿಕಕ್ಕ ನನಗೆ ಮಗು ಕೊಟ್ಟುಬಿಟ್ಟಿದ್ದಾರೆ!

ಪ್ರತಿ ಪ್ರಾಕ್ಟೀಸಿಗೂ ಅದೇ ಆಗುತ್ತಿದೆ. ನಡುಭಾಗ ಬರುತ್ತದೆ, ನನ್ನ ಹೊಟ್ಟೆ ಗುರುಗುಟ್ಟುತ್ತದೆ, ನಾನು ಅಡುಗೆಮನೆಗೆ ಓಡುತ್ತೇನೆ. ಇಂದು ಹುರಿಗಡಲೆ ಮುಗಿದು ಹುಣಿಸೆ ತೊಕ್ಕನ್ನೇ ಬೆರಳಿನಲ್ಲಿ ನೆಕ್ಕುತ್ತಿದ್ದೆ. ಕಿಟಕಿಯಾಚೆ ಅಂಬಿಕಕ್ಕ ಬಟ್ಟೆ ಒಣಗಿಸುತ್ತಿದ್ದರು.

“ಏನು ಶಶೀ, ಬರೀ ತೊಕ್ಕು?”

“ಹಸಿವು ಕಣಕ್ಕ. ದಿನಾ ಈ ಹೊತ್ತಿಗೆ.”

ಅವರ ಕೈಯಲ್ಲಿದ್ದ ಪಂಚೆ ಹಾಗೇ ನಿಂತಿತು. “ದಿನಾನಾ?” ಎಂದರು. ಕಣ್ಣಲ್ಲಿ ದೀಪಾವಳಿ. ನಾನು ಇಲ್ಲ ಎನ್ನುವಷ್ಟರಲ್ಲಿ ಕ್ಲಿಪ್ಪುಗಳನ್ನು ಬಾಯಲ್ಲೇ ಕಚ್ಚಿಕೊಂಡು ಒಳಗೆ ಹೋದರು. ಅವರ ಅಕ್ಕನ ಮಗಳು ಅನು ಮಾಲೂರಿನಲ್ಲಿ ಅತ್ತೆಯ ಹತ್ತಿರವೇ ವೀಣೆ ಕಲಿಯುತ್ತಾಳೆ ಎಂಬುದು ನನಗೆ ನೆನಪಾದದ್ದು ಆಮೇಲೆ.

ಜನವರಿ 21, ಮಂಗಳವಾರ

ಅತ್ತೆ ಫೋನ್ ಮಾಡಿದರು! ತಾವಾಗಿಯೇ! ನನಗೆ!

“ಶಶಿರೇಖ, ನುಗ್ಗೆಸೊಪ್ಪು ತಿನ್ನು. ಪಪ್ಪಾಯ ಮುಟ್ಟಬೇಡ. ಮೆಟ್ಟಿಲು ನಿಧಾನಕ್ಕೆ ಇಳಿ.”

ನಾನು “ಹೂಂ ಅತ್ತೆ” ಎಂದೆ. ಏನು ಮಾಡಲಿ, ಅಷ್ಟು ಮೃದುವಾಗಿ ಮಾತನಾಡಿದರು! ನಮ್ಮ ಮನೆಗೆ ಮೆಟ್ಟಿಲೇ ಇಲ್ಲ ಎಂದು ಕೂಡ ಹೇಳಲಾಗಲಿಲ್ಲ.

ಜನವರಿ 22, ಬುಧವಾರ

ನಿದ್ದೆ ಬರಲಿಲ್ಲ. ಬೆಳಿಗ್ಗೆ ನವನೀತ ಕಾರ್ಖಾನೆಗೆ ಹೊರಟ ಕೂಡಲೇ ನಾನೇ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ: ಅತ್ತೆ, ಏನೂ ಇಲ್ಲ, ನನಗೆ ಹಸಿವಾಗುವುದು ನಿಮ್ಮ ಮಗನ ಸಂಗೀತಕ್ಕೆ.

ಬೈಗುಳಕ್ಕೆ ಕಾಯುತ್ತಿದ್ದೆ.

“ಯಾವ ಸಂಗೀತಕ್ಕೆ?”

“ಒಂದು ನಿಧಾನದ ಭಾಗ ಇದೆ ಅತ್ತೆ.”

“ಹಾಡು.”

ನನ್ನ ಕಂಠ ನನಗೆ ಗೊತ್ತು. ಸ್ಕೂಲಿನ ಪ್ರಾರ್ಥನೆಯಲ್ಲಿ ಬಾಯಿ ಮಾತ್ರ ಆಡಿಸು ಎಂದು ಸಿಸ್ಟರ್ ಹೇಳಿದ್ದರು. ಆದರೂ ಗುನುಗಿದೆ. “ಇನ್ನೊಂದ್ಸಲ” ಎಂದರು. ಇನ್ನೊಮ್ಮೆ ಗುನುಗಿದೆ.

“ಇದಾದ ಮೇಲೆ ಏನು?”

“ಇದಾದ ಮೇಲೆ ಬಂಡೆ ಸಿಡಿಯೋದು. ಹನ್ನೊಂದು ನಿಮಿಷ ಡ್ರಮ್ಸ್, ಆರ್ಗನ್ ಎಲ್ಲಾ ಜೋರಾಗಿ.”

“ಇದಾದ ಮೇಲೂ ನುಡಿಸ್ತಾನಾ?”

“ಹೂಂ ಅತ್ತೆ. ಸೂಪರ್ ಆಗಿದೆ.”

“ಅದನ್ನ ಕೊನೆಗೆ ಇಟ್ಟುಕೊಳ್ಳೋಕೆ ಹೇಳು. ನಾನು ಹೇಳಿದೆ ಅಂತ ಹೇಳಬೇಡ” ಎಂದು ಫೋನ್ ಇಟ್ಟರು.

ಕೇಳಿದರಲ್ಲ! ಎರಡು ಸಲ ಕೇಳಿದರಲ್ಲ! ಇಷ್ಟವಾಗದೇ ಇದ್ದರೆ ಕೇಳುತ್ತಿದ್ದರಾ?

ಜನವರಿ 24, ಶುಕ್ರವಾರ

ಪ್ರಾಕ್ಟೀಸಿನ ನಡುವೆ ಎಲ್ಲರಿಗೂ ಕಾಫಿ ಕೊಡುತ್ತ, ಏನೂ ಗೊತ್ತಿಲ್ಲದವಳ ಹಾಗೆ, “ರೀ, ಆ ನಿಧಾನದ್ದನ್ನ ಕೊನೆಗೆ ಇಟ್ಟರೆ ಹೇಗೆ?” ಎಂದೆ.

ನವನೀತ ನಕ್ಕ. “ನಿನಗೆ ಏಳು ಎಣಿಸೋಕೆ ಬರಲ್ಲ, ಪೀಸ್ ಎಲ್ಲಿ ಮುಗೀಬೇಕು ಅಂತ ಹೇಳ್ತೀಯಾ?”

ಅನಿಲನೂ ನಕ್ಕ. ಸುಧಾಕರ್ ನಗಲಿಲ್ಲ, “ಬಿಡಿ ಸಿಸ್ಟರ್, ಇವನಿಗೇ ಏಳು ಬರಲ್ಲ” ಎಂದು ಅನಿಲನ ಕಡೆ ತೋರಿಸಿದ.

ಇಂದು ಸೂಪರ್ ಎಂದು ಬರೆಯುವುದಿಲ್ಲ.

ಜನವರಿ 25, ಶನಿವಾರ

ಮಾತಿಲ್ಲ. ಉಪ್ಪಿಟ್ಟು. ಬುಲ್ಡೋಜರ್ ಚಿತ್ರ ಎಷ್ಟು ಕೆಟ್ಟದಾಗಿದೆ.

ಜನವರಿ 30, ಗುರುವಾರ

ರಾಜಿಯಾಯಿತು. ಮಸಾಲೆದೋಸೆ ತಂದ. ಆದರೆ ಏಳು ಎಣಿಸುವ ವಿಷಯ ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು, ದೋಸೆಯಿಂದ ಹೋಗಲಿಲ್ಲ. ಅದಕ್ಕೇ ನಾಲ್ಕು ದಿನದಿಂದ ಗುಟ್ಟಾಗಿ ಅತ್ತೆಯ ಹತ್ತಿರ ಕಲಿಯುತ್ತಿದ್ದೇನೆ. ಅವನು ಹೊರಟ ಮೇಲೆ, ಅವರ ಶಿಷ್ಯರು ಬರುವ ಮುಂಚೆ.

“ಮೂರು, ಆಮೇಲೆ ನಾಲ್ಕು. ತಕಿಟ, ತಕಧಿಮಿ. ಮಿಶ್ರ ಛಾಪು ಅಂತಾರೆ. ತೊಡೆ ಮೇಲೆ ಹಾಕು. ಕೇಳಿಸ್ತಾ ಇಲ್ಲ, ಇನ್ನೂ ಜೋರಾಗಿ. ಅದು ನಿನ್ನ ತೊಡೆ ತಾನೇ, ಪಕ್ಕದ ಮನೆಯವರದಲ್ಲವಲ್ಲ.”

ಬಂಡೆ ಸಿಡಿಯುವ ಮೂರನೆಯ ಭಾಗದಲ್ಲಿ ಅನಿಲ್ ಪದೇ ಪದೇ ಎಡವುವುದು ಇಲ್ಲೇ! ಅವನು ಏಳನ್ನು ಒಂದೇ ಮುದ್ದೆಯಾಗಿ ನುಂಗಲು ಹೋಗುತ್ತಾನೆ. ಇಂದು ಅವನು ಎಡವಿದಾಗ ನನಗೆ ಒಂದು ಕ್ಷಣ ಮುಂಚೆಯೇ ಗೊತ್ತಾಯಿತು. ಹೇಳಲಿಲ್ಲ. ಈರುಳ್ಳಿ ಹೆಚ್ಚುವಾಗ ಚಾಕು ತಕಿಟ ತಕಧಿಮಿ ಎನ್ನುತ್ತಿದೆ, ಹೋಳುಗಳೆಲ್ಲ ದೊಡ್ಡದೊಂದು ಚಿಕ್ಕದೊಂದು.

ಅತ್ತೆಯನ್ನು ಕಾರ್ಯಕ್ರಮಕ್ಕೆ ಕರೆದೆ. “ಆ ಪೆಟ್ಟಿಗೆ ಇರೋ ಕಡೆಗಾ?” ಎಂದರು. ಅಷ್ಟೇ.

ಫೆಬ್ರವರಿ 4, ಮಂಗಳವಾರ

ನವನೀತ ಹೇಗಿತ್ತು ಎಂದು ಕೇಳಿದ. ಮೂರನೆಯ ಭಾಗದಲ್ಲಿ ಆರ್ಗನ್ ಎರಡನೇ ಸಲ ಬರುವುದು ಸ್ವಲ್ಪ ಉದ್ದವಾಯಿತು, ಅಲ್ಲಿ ಸುಧಾಕರನ ಬೇಸ್ ಒಂದೇ ಇದ್ದರೆ ಸಾಕು ಎಂದೆ. ಅವನು ನನ್ನನ್ನೇ ನೋಡಿದ. ಸಾರು ಹಾಕಿಕೊಳ್ಳಿ, ಆರುತ್ತದೆ ಎಂದೆ.

ಫೆಬ್ರವರಿ 7, ಶುಕ್ರವಾರ

ನಾಳೆ! ರೇಷ್ಮೆ ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ. ಅತ್ತೆ ಬರುವುದಿಲ್ಲ, ಖಂಡಿತ. ಆದರೆ ನನಗೊಂದು ಉಪಾಯ ಹೊಳೆದಿದೆ. ಅವರು ಹಾಲಿಗೆ ಬರದಿದ್ದರೆ ಹಾಲೇ ಅವರ ಹತ್ತಿರ ಹೋಗುತ್ತದೆ. ಫೋನ್ ಪೂರ್ತಿ ಚಾರ್ಜಿಗೆ ಹಾಕಿದ್ದೇನೆ.

ಫೆಬ್ರವರಿ 9, ಭಾನುವಾರ

ನಿನ್ನೆಯದನ್ನು ನಿಧಾನವಾಗಿ, ಆದ ಹಾಗೆಯೇ ಬರೆಯುತ್ತೇನೆ.

ಹಾಲು ತುಂಬಿತ್ತು. ಕಾರ್ಖಾನೆಯ ಸಂಸಾರಗಳು, ಲೈನ್ ಮನೆಗಳ ಜನ. ಎಡಗಡೆ ಎರಡು ಸಾಲು ಪೂರ್ತಿ ಅಪ್ಪನ ಭಜನೆ ಮಂಡಳಿ, ಎಲ್ಲರೂ ಬಿಳಿ ಪಂಚೆ. ನಾನು ಮೊದಲ ಸಾಲಿನಲ್ಲಿ. ಸೈರನ್ ಕೂಗುವ ಮೊದಲೇ ಅತ್ತೆಗೆ ಫೋನ್ ಹಚ್ಚಿ, ಅವರು “ಏನಮ್ಮ ಗಲಾಟೆ” ಎಂದದ್ದು ಕೇಳಿಸಿಕೊಂಡು, ಉತ್ತರ ಕೊಡದೆ ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟೆ. ಅವರು ಕತ್ತರಿಸಲಿಲ್ಲ.

ಸಂಗು ಕೂಗಿತು. ಲೈನ್ ಮನೆಗಳ ಮುದುಕರು ನೆಟ್ಟಗೆ ಕೂತರು. ನವನೀತನ ಎಡಗೈ ಗಣಿಯೊಳಗೆ ಇಳಿಯಿತು. ನೆಲದ ಮರದ ಹಲಗೆಗಳು ನನ್ನ ಪಾದದ ಕೆಳಗೆ ನಡುಗಿದವು. ಒಂದು ಮಗು ಕೂಡ ಅಳಲಿಲ್ಲ. ಎಷ್ಟು ಚೆನ್ನಾಗಿ ನಡೆಯುತ್ತಿತ್ತು!

ಆಮೇಲೆ ನಡುಭಾಗ.

ರಾಗದ ಮೂರು ಸಾಲು ಕೂಡ ಆಗಿರಲಿಲ್ಲ. ನನ್ನ ಹೊಟ್ಟೆ ಗುರ್ರ್ ಎಂದಿತು, ಎಡಗಡೆ ಅಪ್ಪ ಎದ್ದು ನಿಂತರು. ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. ಅವರ ಹಿಂದೆ ಮಂಡಳಿ ಎದ್ದಿತು. ಮಂಡಳಿ ಎದ್ದದ್ದು ನೋಡಿ ಹಿಂದಿನ ಸಾಲು ಎದ್ದಿತು. ಕಾರ್ಖಾನೆಯ ಹೆಂಗಸರು ಮಡಿಲಲ್ಲಿದ್ದ ಮಕ್ಕಳನ್ನು ಎಬ್ಬಿಸಿ ಕೈ ಮುಗಿಸಿದರು. ಅಂಬಿಕಕ್ಕ ಸೆರಗು ಹೊದ್ದುಕೊಂಡರು. ಆ ರಾಗದ ಕೊನೆಯ ಸ್ವರವನ್ನು ನವನೀತ ಚಕ್ರ ತಿರುಗಿಸಿ ಬಳುಕಿಸಿ ಬಿಡುವುದಕ್ಕೂ, ಅಪ್ಪ ಎದೆಯಿಂದ ಕೂಗುವುದಕ್ಕೂ ಸರಿಹೋಯಿತು.

“ಗೋವಿಂದಾ…!”

“ಗೋವಿಂದ!” ಇಡೀ ಹಾಲು.

ಆಗ ಹೊಳೆಯಿತು ನನಗೆ. ಆಗ! ಇಷ್ಟು ದಿನ ನಮ್ಮ ಮನೆಯ ಛಾವಣಿ ಸುತ್ತಿದ್ದು ಮಂಗಳ! ಶನಿವಾರದ ಭಜನೆಯ ಕೊನೆಯಲ್ಲಿ ಆರತಿ ಎತ್ತುವಾಗ ಹಾಡುವ ಮಂಗಳದ ಧಾಟಿ! ಚಿಕ್ಕಂದಿನಲ್ಲಿ ನಾನು ಭಜನೆಗೆ ಒಳಗೆ ಕೂರುತ್ತಲೇ ಇರಲಿಲ್ಲ. ಹೊರಗೆ ಆಡುತ್ತಿದ್ದೆ. ಅದು ಕೇಳಿದ ಕೂಡಲೇ ಓಡಿ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ, ಗುಗ್ರಿ ಪ್ರಸಾದಕ್ಕೆ. ನನ್ನ ತಲೆಗೆ ಗೊತ್ತಿಲ್ಲದ್ದು ಹೊಟ್ಟೆಗೆ ಗೊತ್ತಿತ್ತು. ಮತ್ತು ಈ ಹಾಲಿನಲ್ಲಿದ್ದ ಎಲ್ಲರ ಹೊಟ್ಟೆಗೂ ಗೊತ್ತಿತ್ತು. ಮಂಗಳ ಎಂದರೆ ಮುಗಿಯಿತು. ಮುಗಿದರೆ ಏಳಬೇಕು. ಎದ್ದರೆ ಊಟ.

ಕೋದಂಡಪ್ಪನವರು ಗಡಿಯಾರ ನೋಡಿ, ಸಂತೋಷದಿಂದ ಮುಖ ಅರಳಿಸಿ, “ಬೇಗನೇ ಮುಗ್ಸವ್ರೆ! ತೆಗೀರಿ ಮುಚ್ಚಳ!” ಎಂದು ಹಿಂದಕ್ಕೆ ಕೂಗಿದರು. ಬಿಸಿಬೇಳೆ ಬಾತಿನ ಘಮ. ಕುರ್ಚಿಗಳು ಕಿರುಗುಟ್ಟಿದವು. ಇಡೀ ಹಾಲು ಬಾಗಿಲ ಕಡೆ ಹರಿಯಿತು, ಶಾಂತವಾಗಿ, ಭಕ್ತಿಯಿಂದ.

ಅಷ್ಟರಲ್ಲಿ ಅನಿಲ್ ಬಂಡೆ ಸಿಡಿಸಿದ. ಅವನು ಡ್ರಮ್ಸ್ ಹಿಂದೆ ಕೂತು ಕಣ್ಣು ಮುಚ್ಚಿಕೊಂಡೇ ನುಡಿಸುವವನು, ಏನೂ ನೋಡಿರಲಿಲ್ಲ. ನವನೀತ ತಲೆ ಎತ್ತಿದ. ಸಾಲು ಸಾಲು ಖಾಲಿ ಕುರ್ಚಿ, ಜನರ ಬೆನ್ನು. ಅವನ ಬಲಗೈ ಕೀಲಿಗಳ ಮೇಲೆ ಗಾಳಿಯಲ್ಲೇ ನಿಂತಿತು. ಆ ಮುಖವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅನಿಲ್ ಕಣ್ಣು ಬಿಟ್ಟ, ಗಾಬರಿಯಾದ, ಏಳು ಕೈತಪ್ಪಿ ಆರಾಯಿತು, ಎಂಟಾಯಿತು, ಏನೇನೋ ಆಯಿತು.

ನಾನು ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದೆ. ತಕಿಟ, ತಕಧಿಮಿ. ತಕಿಟ, ತಕಧಿಮಿ. ಬಾಯಲ್ಲೂ ಕೂಗಿದೆ. ಬಳೆಗಳು ಎರಡು ಒಡೆದವು. ಅನಿಲ್ ನನ್ನ ಕೈಗಳನ್ನೇ ನೋಡುತ್ತ ಒಳಗೆ ಬಂದ. ಸುಧಾಕರ್ ಬಂದ. ಕೊನೆಗೆ ನವನೀತ ಬಂದ. ಹನ್ನೊಂದು ನಿಮಿಷವೂ ನುಡಿಸಿದರು. ಎರಡನೇ ಸಲ ಆರ್ಗನ್ ಬರುವಲ್ಲಿ ಅವನು ಕೈ ಎತ್ತಿ ಬೇಸ್ ಒಂದನ್ನೇ ಬಿಟ್ಟ. ಸರಿಯಾಗಿತ್ತು, ತುಂಬ ಸರಿಯಾಗಿತ್ತು.

ಜನ ಎಲೆ ಬಟ್ಟಲು ಹಿಡಿದು ಬಾಗಿಲಿಗೆ ವಾಪಸ್ ಬಂದರು. ಬಾಯಲ್ಲಿ ಬಾತು, ಕಣ್ಣಲ್ಲಿ ಗೊಂದಲ.

“ಮಂಗ್ಳ ಆದ್ಮೇಲೆ ಇದೇನ್ಲಾ ಮತ್ತೆ ಸುರು ಅಚ್ಕಂಡ್ರು?”

“ಸುಮ್ಕಿರ್ಲಾ, ಮೆಷಿನ್ ನಿಲ್ತಾ ಇಲ್ವೇನೋ.”

ಆದರೂ ಯಾರೂ ಹಿಂತಿರುಗಿ ಹೋಗಲಿಲ್ಲ. ತಿನ್ನುತ್ತ, ತಲೆ ಆಡಿಸುತ್ತ ನಿಂತರು. ಕೊನೆಯ ಹೊಡೆತ ಬಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮಂಗಳ ಆಗಲೇ ಆಗಿಹೋಗಿತ್ತಲ್ಲ, ಈಗ ಮುಗಿದದ್ದು ಹೇಗೆ ಗೊತ್ತಾಗಬೇಕು? ತುಂಬ ಹೊತ್ತಾದ ಮೇಲೆ ಅಪ್ಪ ಬಹಳ ಮರ್ಯಾದೆಯಿಂದ ಕೇಳಿದರು:

“ಇನ್ನೂ ಐತಾ ಅಳಿಯಂದ್ರೇ?”

ಕುರ್ಚಿಯ ಮೇಲೆ ಫೋನ್ ಕತ್ತಲಾಗಿತ್ತು. ಯಾವಾಗ ಕಡಿದರೋ.

ಫೆಬ್ರವರಿ 10, ಸೋಮವಾರ

ಕೀಬೋರ್ಡುಗಳ ಮೇಲೆ ಬೆಡ್‌ಶೀಟ್ ಮುಚ್ಚಿದ್ದಾನೆ. ಮದುವೆಗೆ ಅತ್ತೆ ಕೊಟ್ಟ ಬೆಡ್‌ಶೀಟ್. ಎರಡು ಮೊಲಗಳಿವೆ ಅದರಲ್ಲಿ.

ಆಂಡರ್ಸನ್‌ಪೇಟೆಯ ಒಂದು ಚರ್ಚಿನವರು ಬಹಳ ದಿನದಿಂದ ಕೀಬೋರ್ಡುಗಳನ್ನು ಕೇಳುತ್ತಿದ್ದರಂತೆ, ಶನಿವಾರ ಬಂದು ತೆಗೆದುಕೊಂಡು ಹೋಗುತ್ತಾರಂತೆ. “ಅಲ್ಲಿ ಜನ ಎದ್ದು ಹೋಗಲ್ಲ” ಎಂದ. ನಗಿಸಲು ಹೇಳಿದ. ನಾನು ನಗಲಿಲ್ಲ.

ಫೆಬ್ರವರಿ 11, ಮಂಗಳವಾರ

ಅವನಿಗೆ ಎಲ್ಲ ಹೇಳಿಬಿಟ್ಟೆ. ಫೋನು, ತಕಿಟ, ಅತ್ತೆ ಅದನ್ನು ಕೊನೆಗೆ ಇಡಲು ಹೇಳಿದ್ದು, ಕುರ್ಚಿಯ ಮೇಲೆ ಪೂರ್ತಿ ಕೇಳಿಸಿದ್ದು. ಕೂಗಾಡುತ್ತಾನೆ ಎಂದುಕೊಂಡಿದ್ದೆ.

“ಅಮ್ಮ ಕೇಳಿದ್ರಾ? ಎಲ್ಲೀವರೆಗೂ?”

“ಗೊತ್ತಿಲ್ಲ ರೀ.”

“ಚಿಕ್ಕವನಿದ್ದಾಗ ಪಾಠದ ಕೊನೆಗೆ ದಿನಾ ಅದನ್ನೇ ನುಡಿಸೋರು. ನಂಗೆ ಪಾಠದಲ್ಲಿ ಇಷ್ಟ ಇದ್ದದ್ದು ಅದೊಂದೇ.”

“ಮುಗೀತು ಅಂತಾನಾ?”

“ಮೊದಲು ಹಾಗೇ ಅಂದ್ಕೊಂಡಿದ್ದೆ.”

ಬೆಡ್‌ಶೀಟ್ ಮಾತ್ರ ತೆಗೆಯಲಿಲ್ಲ.

ಫೆಬ್ರವರಿ 13, ಗುರುವಾರ

ಅಡುಗೆ ಮಾಡುವಾಗ ಯೋಚಿಸಿದೆ. ಪೆಟ್ಟಿಗೆ ಹೋದರೆ ಅತ್ತೆಯ ಷರತ್ತು ಪೂರ್ತಿಯಾಯಿತು. ಶನಿವಾರ ಪೆಟ್ಟಿಗೆ ಆ ಕಡೆ, ಭಾನುವಾರ ಅತ್ತೆ ಈ ಕಡೆ. ಜನವರಿಯಲ್ಲಿ ನಾನು ಬಯಸಿದ್ದು ಇದನ್ನೇ ಅಲ್ಲವೇ? ಕುಣಿಯಬೇಕಿತ್ತು. ಸೌಟು ಕೈಯಲ್ಲೇ ಇತ್ತು.

ಫೋನ್ ಮಾಡಿದೆ. ನನ್ನ ದನಿ ಯಾಕೋ ಒರಟಾಗಿ ಬಂತು.

“ಅತ್ತೆ, ಅವರು ಪೆಟ್ಟಿಗೆ ಕೊಟ್ಟುಬಿಡ್ತಾ ಇದ್ದಾರೆ. ಇನ್ನು ನೀವು ಬರಬಹುದು.”

ಅತ್ತ ಯಾವುದೋ ಮಗು ವೀಣೆಯಲ್ಲಿ ಸರಳೆ ಮೀಟುತ್ತಿತ್ತು. ಅತ್ತೆ ಅದಕ್ಕೆ “ನಿಲ್ಸು” ಎಂದರು. ಆಮೇಲೆ ನನಗೆ:

“ಕೊಟ್ಟರೆ ಆ ಮೂರನೇ ಭಾಗ ಯಾವುದರಲ್ಲಿ ನುಡಿಸ್ತಾನೆ?”

ಸೌಟನ್ನು ಒಲೆಯ ಪಕ್ಕ ಇಟ್ಟೆ.

“ಪೂರ್ತಿ ಕೇಳಿದಿರಾ ಅತ್ತೆ?”

“ನಿಮ್ಮಪ್ಪ ಇನ್ನೂ ಐತಾ ಅನ್ನೋವರೆಗೂ ಕೇಳಿದೆ. ಮಂಗಳ ಆದ ಮೇಲೆ ಮುಂದಕ್ಕೆ ನುಡಿಸಿದ್ದು ಅಪಚಾರ, ಅದರಲ್ಲಿ ಅನುಮಾನವೇ ಇಲ್ಲ. ಯಾರ ಶಿಷ್ಯ ಅಂತ ನಾಳೆ ಯಾರಾದರೂ ಕೇಳಿದರೆ ನನ್ನ ಹೆಸರು ತಾನೇ ಬರೋದು. ಆದರೆ ಆ ಬಂಡೆ ಸಿಡಿಯೋದು…” ಮಗುವಿಗೆ ವೀಣೆ ಕೆಳಗಿಡಲು ಹೇಳಿದರು. “ಆ ಬಂಡೆ ಸಿಡಿಯೋದು ಅವನು ಎಲ್ಲೂ ಎತ್ತಿದ್ದಲ್ಲ. ಅದು ಅವನದೇ. ಅದನ್ನ ಮುಂದೆ ತರಬೇಕು, ಮಂಗಳ ಕೊನೆಗೆ ಹೋಗಬೇಕು. ನಡುವೆ ಏನು ಹಾಕಬೇಕು ಅಂತ ಕೂತು ನೋಡಬೇಕು. ಫೋನಲ್ಲಿ ಆಗೋ ಕೆಲಸ ಅಲ್ಲ.”

“ಅತ್ತೆ, ಪೆಟ್ಟಿಗೆ ನಮ್ಮನೆ ಹಾಲಿನ ಮಧ್ಯದಲ್ಲೇ ಇದೆ. ಹೊಸ್ತಿಲಿಂದಲೇ ಕಾಣಿಸುತ್ತೆ.”

“ಕಾಣಿಸಲಿ. ಕರೆಂಟು ಇರುತ್ತೆ ತಾನೇ? ಮತ್ತೆ, ನಡುವೆ ಚಪ್ಪಾಳೆ ಹೊಡೀತಿದ್ದವಳು ಯಾರು?”

“ನಾನೇ.”

“ಕೊನೇ ಕಡೆ ತಾಳ ಬಿಟ್ಟು ಓಡಿದ್ದೀಯ. ಬಂದು ಸರಿ ಮಾಡ್ತೀನಿ.”

ನವನೀತ ಬಂದ ಮೇಲೆ ಹೇಳಿದೆ. ಅವನು ಶೂ ಬಿಚ್ಚುತ್ತಿದ್ದವನು ಒಂದು ಕಾಲಿನಲ್ಲೇ ನಿಂತು ಕೇಳಿದ. ಚರ್ಚಿನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಆಮೇಲೆ ಹೋಗಿ ಮೊಲಗಳನ್ನು ಮಡಿಸಿಟ್ಟ. ನುಡಿಸಲಿಲ್ಲ, ಕೂತು ನೋಡಿದ ಅಷ್ಟೇ. ನಾನು ಕಾಫಿಪುಡಿ ಎಷ್ಟಿದೆ ಎಂದು ನೋಡಿದೆ. ಹೊಸದು ತರಬೇಕು.

ಭಾನುವಾರ, ಫೆಬ್ರವರಿ ಹದಿನಾರು. ಬೆಂಗಳೂರು ಕಡೆಯಿಂದ ಬರುವ ಬೆಳಗಿನ ಮಾರಿಕುಪ್ಪಂ ಪ್ಯಾಸೆಂಜರ್. ಅತ್ತೆ ಊರಿಗಾಂನಲ್ಲಿ ಇಳಿಯುತ್ತಾರೆ.